ಒಣಗಲು ಹಾಕಿದ ನಲವತ್ತೈದು ಅಕ್ಷರ

ಪತ್ರಿಕೆಯ ಪದಬಂಧವನ್ನು ನಾನು ಪೆನ್ಸಿಲ್ಲಿನಲ್ಲಿ ತುಂಬಿಸುವವಳಲ್ಲ. ಪೆನ್ನಿನಲ್ಲಿ ತುಂಬಿಸುತ್ತೇನೆ. ಅನ್ನದ ಕುಕ್ಕರ್ ಕೂಗುವಷ್ಟರಲ್ಲಿ ಎಡದಿಂದ ಬಲಕ್ಕೆ ಮುಗಿದಿರುತ್ತದೆ. ಅದರ ಆವಿ ಇಳಿಯುವಷ್ಟರಲ್ಲಿ ಮೇಲಿನಿಂದ ಕೆಳಕ್ಕೆ. ಇಂಥವಳಿಗೆ ಇಂಗ್ಲಿಷಿನ ಒಂದು ಉದ್ದನೆಯ ಪದ ಹುಡುಕುವುದು ಏನು ಮಹಾ ಎಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನಿತ್ತು, ನೀವೇ ಹೇಳಿ.

ಇಷ್ಟಕ್ಕೂ ನನಗೆ ಬೇಕಾಗಿದ್ದು ಇಂಗ್ಲಿಷ್ ಅಲ್ಲ, ಬಿಸಿಲು. ಸಂಡಿಗೆ ಒಣಗಿಸಲು ಬಿಸಿಲು. ಬಿಸಿಲಿಗೂ ಇಂಗ್ಲಿಷಿಗೂ ಏನು ಸಂಬಂಧ ಎಂದು ಕೇಳಬೇಡಿ. ಅದನ್ನೇ ನಾನೂ ಕೇಳಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ.

ನಾವಿರುವುದು ಯಲಹಂಕದಲ್ಲಿ, ರೈಲು ಹಳಿಯ ಹಿಂದಿನ ನಾಲ್ಕು ಮಹಡಿಯ ಕಟ್ಟಡದಲ್ಲಿ. ನಮ್ಮ ಮೂಲ ಗದಗಿನ ಕಡೆ. ಇಲ್ಲಿಗೆ ಬಂದು ಕೂದಲು ಅರ್ಧ ಹಣ್ಣಾದರೂ ಮನೆಯೊಳಗಿನ ಮಾತು, ಬೇಸಿಗೆಯ ಸಂಡಿಗೆ, ಶನಿವಾರದ ಉಪವಾಸ ಈ ಮೂರನ್ನು ನಾವು ಬಿಟ್ಟಿಲ್ಲ. ಹೋದ ವರ್ಷದ ಯುಗಾದಿಗೆ ಗದಗಿನಿಂದ ನನ್ನ ನಾದಿನಿ ಬಂದಿದ್ದಳು. ಊಟದಲ್ಲಿ ಸಂಡಿಗೆ ಮುರಿದು ಬಾಯಿಗಿಟ್ಟುಕೊಂಡು, "ವೈನಿ, ಇವು ಪ್ಯಾಕೀಟಿನವು ಹೌದಲ್ಲೋ? ಬೆಂಗಳೂರಾಗ ನಿಮಗ ಬಿಸಿಲು ಎಲ್ಲಿಂದ ಬರಬೇಕು, ಪಾಪ" ಎಂದಳು.

ಪ್ಯಾಕೆಟ್ ಅಂದಿದ್ದನ್ನು ನಾನು ಸಹಿಸಿಕೊಂಡೆ. 'ಪಾಪ' ಅಂದಿದ್ದನ್ನು ಸಹಿಸಿಕೊಳ್ಳಲು ಆಗಲಿಲ್ಲ. ಮುಂದಿನ ವರ್ಷ ನಮ್ಮ ತಾರಸಿಯ ಬಿಸಿಲಿನಲ್ಲೇ ಒಣಗಿದ ಒಂದು ಡಬ್ಬಿ ಸಂಡಿಗೆ ಅವಳ ಮನೆಗೆ ಹೋಗದಿದ್ದರೆ ನನ್ನ ಹೆಸರು ಗಿರಿಜಾ ಅಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಶಪಥಕ್ಕೆ ಅಡ್ಡ ಬಂದವಳು ಮೂರನೇ ಮಹಡಿಯ ನಳಿನಿ. ಅವಳು ಬೆಳಿಗ್ಗೆ ತಾರಸಿಯಲ್ಲಿ ಯೋಗ ಹೇಳಿಕೊಡುತ್ತಾಳೆ. ನಾನು ಸಂಡಿಗೆಯ ಹಾಳೆ ಹಾಸುವ ಹೊತ್ತಿಗೆ ಸರಿಯಾಗಿ ಆರೇಳು ಹೆಂಗಸರು ಚಾಪೆ ಹಾಸಿರುತ್ತಾರೆ. ಸಂಡಿಗೆ ಹಿಟ್ಟು ಬಿಸಿಯಿರುವಾಗಲೇ ಒತ್ತಬೇಕು, ಬಿಸಿಲು ಏರುವುದರೊಳಗೆ ಮುಗಿಸಬೇಕು. ಅದು ಯಾರ ಉಸಿರಾಟಕ್ಕೂ ಕಾಯುವುದಿಲ್ಲ. ಇದನ್ನು ಶಾಂತವಾಗಿ ಹೇಳಿದೆ.

"ಆಂಟಿ, ಸಂಡಿಗೆ ಅಂಗಡೀಲಿ ಸಿಗುತ್ತೆ ಕಣ್ರೀ, ಆರೋಗ್ಯ ಸಿಗುತ್ತಾ?" ಎಂದಳು ನಳಿನಿ.

ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ನನ್ನನ್ನು ಆಂಟಿ ಅನ್ನುತ್ತಾಳೆ. ಅದನ್ನೂ ಸಹಿಸಿಕೊಂಡೆ. ಆದರೆ ಅಂಗಡಿಯಲ್ಲಿ ಸಿಗುತ್ತದಂತೆ!

ವ್ಯಾಜ್ಯ ಅಪಾರ್ಟ್‌ಮೆಂಟಿನ ಅಧ್ಯಕ್ಷರ ಬಳಿ ಹೋಯಿತು. ಅಧ್ಯಕ್ಷರು ಮೊದಲನೇ ಮಹಡಿಯ ಓಂಕಾರಪ್ಪ ಮೇಷ್ಟ್ರು, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ಜಗಳ ಬಿಡಿಸುವುದೆಂದರೆ ಆಗದು, ಪದಗಳನ್ನು ಬಿಡಿಸುವುದೆಂದರೆ ಪ್ರಾಣ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರು ಆಗಾಗ ನಾಲ್ಕೈದು ಅಕ್ಷರ ಕೊಟ್ಟು, 'ಇವೆಲ್ಲ ಇರುವ ಅತಿ ಉದ್ದದ ಇಂಗ್ಲಿಷ್ ಪದ ಯಾವುದು?' ಎಂದು ಕೇಳುತ್ತಾರೆ. ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಕೇಳಿದವರಿಗೂ ಅದೇ ಉತ್ತರ.

ಎರಡು ದಿನ ಯೋಚಿಸಿ ಅವರು ತೀರ್ಪು ಕೊಟ್ಟರು. ತಾರಸಿಗೆ ನಡುವೆ ಸೀಮೆಸುಣ್ಣದ ಗೆರೆ. ಸದ್ಯಕ್ಕೆ ಪೂರ್ವ ನಳಿನಿಗೆ, ಪಶ್ಚಿಮ ನನಗೆ. ಭಾನುವಾರ ತಾರಸಿಯಲ್ಲೇ ಪದಸ್ಪರ್ಧೆ. ಗೆದ್ದವರಿಗೆ ಮಳೆಗಾಲದವರೆಗೆ ಇಡೀ ತಾರಸಿ. ಫೋನ್ ತರುವಂತಿಲ್ಲ, ಕಾಗದ ತರುವಂತಿಲ್ಲ, ಅಂಗೈಯಲ್ಲಿ ಬರೆದುಕೊಂಡು ಬರುವಂತಿಲ್ಲ. ಎದ್ದು ನಿಂತು ಪದವನ್ನು ಅಕ್ಷರ ಅಕ್ಷರವಾಗಿ ಹೇಳಬೇಕು.

"ಪದ ತಲೇಲಿದ್ರೆ ಮಾತ್ರ ನಮ್ಮದು ಕಣಮ್ಮಾ" ಎಂದರು ಮೇಷ್ಟ್ರು.

ಶುಕ್ರವಾರ ಸಂಜೆ ಗುಂಪಿನಲ್ಲಿ ಅಕ್ಷರಗಳು ಬಂದವು. ಸಿ, ಎನ್, ಓ, ಪಿ, ಎಸ್.

ನಾನು ಪೆನ್ನು ಹಿಡಿದು ಕೂತೆ. ಅನ್ನವಾಯಿತು, ಸಾರಾಯಿತು, ಹಪ್ಪಳ ಕರಿದದ್ದೂ ಆಯಿತು. ಪದ ಆಗಲಿಲ್ಲ. ಪಿ ಸಿಕ್ಕರೆ ಸಿ ಸಿಗದು, ಸಿ ಸಿಕ್ಕರೆ ಎನ್ ಓಡಿಹೋಗುತ್ತದೆ. ನಮ್ಮ ಪದಬಂಧದಲ್ಲಿ ಮನೆ ಇಷ್ಟು, ಸುಳಿವು ಇದು ಎಂದು ಮರ್ಯಾದೆಯಾಗಿ ಹೇಳುತ್ತಾರೆ. ಇಲ್ಲಿ ಐದು ಜನರನ್ನು ಕೊಟ್ಟು, ಇವರು ಹತ್ತಿದ ಅತಿ ಉದ್ದದ ರೈಲು ಯಾವುದು ಎಂದು ಕೇಳಿದ ಹಾಗಿದೆ. ಇದು ಯಾವ ನ್ಯಾಯ?

"ಕಾನ್‌ಸ್ಪಿರಸಿ" ಎಂದರು ನನ್ನ ಯಜಮಾನರು, ಟಿವಿಯಿಂದ ಕಣ್ಣು ತೆಗೆಯದೆ. ಅವರ ಹೆಸರು ವೆಂಕಟೇಶ. ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ.

"ಹಂಗಂದ್ರ ಏನ್ರಿ?"

"ಪಿತೂರಿ. ಐದೂ ಅಕ್ಷರ ಅದಾವ ನೋಡು."

"ಇಷ್ಟ ಉದ್ದದ ಪಿತೂರಿ ಸಾಕಾಗಂಗಿಲ್ರಿ."

ಆಗ ಅವರು ಫೋನ್ ತೆಗೆದರು. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಪುಟವೊಂದು ಇದೆಯಂತೆ. ನಾನು ಖಂಡಿತವಾಗಿ ವಿರೋಧಿಸಿದೆ. ಅಂಥ ಮೋಸದಿಂದ ಬಂದ ಬಿಸಿಲು ನನಗೆ ಬೇಡ ಎಂದೆ. ಅವರು ಸರಿ ಎಂದು ಫೋನ್ ಇಟ್ಟರು. ಇಷ್ಟು ಬೇಗ ಇಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸುಮ್ನ ನೋಡ್ಲಿಕ್ಕೆ ಏನಾಗ್ತದ?" ಎಂದು ನಾನೇ ಕೇಳಬೇಕಾಯಿತು.

ಪುಟ ಮೊದಲು ಕೊಟ್ಟ ಪದ 'ಸ್ಪೂನ್'. ಇಷ್ಟು ದೊಡ್ಡ ಯಂತ್ರ, ಕೊಟ್ಟದ್ದು ಚಮಚ. ಈ ಅಕ್ಷರಗಳನ್ನು ಮಾತ್ರ ಬಳಸು ಎಂಬ ಕಡೆ ನಮ್ಮವರು ಒತ್ತಿದ್ದರಂತೆ. ಸರಿಪಡಿಸಿ, ಉದ್ದದವು ಮೊದಲು ಬರಲಿ ಎಂದು ಕೇಳಿದಾಗ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಿ, ಜಾಗ ಸಾಲದೆ ಕೆಳಗಿನ ಸಾಲಿಗೂ ಇಳಿದ ಒಂದು ಪದ ಬಂತು. ನ್ಯುಮೋನೋ ಅಲ್ಟ್ರಾ ಮೈಕ್ರೋಸ್ಕೋಪಿಕ್ ಸಿಲಿಕೋ ವಾಲ್ಕೇನೋ ಕೋನಿಯೋಸಿಸ್. ಬಿಡಿಸಿ ಬರೆದಿದ್ದು ನಾನು. ಇಂಗ್ಲಿಷಿನವರು ನಡುವೆ ಉಸಿರೆಳೆದುಕೊಳ್ಳಲೂ ಜಾಗ ಬಿಟ್ಟಿಲ್ಲ. ಒಟ್ಟು ನಲವತ್ತೈದು ಅಕ್ಷರ.

"ಹಂಗಂದ್ರ ಏನ್ರಿ?"

"ಸಣ್ಣ ಧೂಳು ಎದಿಯೊಳಗ ಹೋಗಿ ಬರೋ ಜಡ್ಡು."

ಇದಕ್ಕೆ ನಲವತ್ತೈದು ಅಕ್ಷರವೇ! ನಮ್ಮ ಊರಲ್ಲಿ ದಮ್ಮು ಅನ್ನುತ್ತೇವೆ. ಎರಡೇ ಅಕ್ಷರ. ಅಲ್ಲ, ಎದೆಯಲ್ಲಿ ಉಸಿರೇ ಇಲ್ಲದವನ ಕಾಯಿಲೆಗೆ ಇಷ್ಟು ಉದ್ದದ ಹೆಸರಿಟ್ಟರೆ ಅವನು ಅದನ್ನು ಡಾಕ್ಟರ ಮುಂದೆ ಹೇಳಿ ಮುಗಿಸುವುದು ಹೇಗೆ? ಆ ಭಾಷೆಯವರಿಗೆ ಕರುಣೆ ಎಂಬುದು ಬೇಡವೆ?

ಕರುಣೆಯ ಮಾತು ಆಮೇಲೆ, ಮೊದಲು ಇದನ್ನು ಬಾಯಿಪಾಠ ಮಾಡಬೇಕಿತ್ತು. ಮಲಗುವವರೆಗೆ ಪ್ರಯತ್ನಿಸಿದೆ. ಅಲ್ಟ್ರಾದವರೆಗೆ ಹೇಗೋ ಹೋಗಿ, ಅಲ್ಲಿಂದ ಮುಂದೆ ವಿಷ್ಣು ಸಹಸ್ರನಾಮಕ್ಕೆ ಹೊರಳುತ್ತಿದ್ದೆ. ನನ್ನ ಬಾಯಿಗೆ ಆ ದಾರಿಯೇ ರೂಢಿ.

ಆಗ ಹೊಳೆಯಿತು. ಫೋನ್ ಬೇಡವೆಂದಿದ್ದಾರೆ, ಕಾಗದ ಬೇಡವೆಂದಿದ್ದಾರೆ, ಅಂಗೈ ಬೇಡವೆಂದಿದ್ದಾರೆ. ಸಂಡಿಗೆ ಬೇಡ ಎಂದು ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲ. ತಾರಸಿಯ ಪಶ್ಚಿಮ ಭಾಗ ಭಾನುವಾರದವರೆಗೆ ಕಾನೂನುಬದ್ಧವಾಗಿ ನನ್ನದು. ಅಲ್ಲಿ ನಾನು ಯಾವ ಆಕಾರದ ಸಂಡಿಗೆ ಒಣಗಿಸಿದರೂ ಕೇಳುವ ಅಧಿಕಾರ ಯಾರಿಗಿದೆ? ಮೋಸದ ಬಿಸಿಲು ಬೇಡ ಎಂದವಳು ನಾನೇ. ಆದರೆ ಇದು ಮೋಸವಲ್ಲ, ಅಡುಗೆ.

ಶನಿವಾರ ಬೆಳಿಗ್ಗೆ ಬೇಗ ಎದ್ದು ಅಕ್ಕಿ ಹಿಟ್ಟು ಕಾಸಿದೆ. ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ ಹಾಕಿ ತಿರುವುತ್ತಲೇ ಇದ್ದೆ. ಇವರು ಪಕ್ಕದಲ್ಲಿ ನಿಂತು ಫೋನ್ ನೋಡಿ ಅಕ್ಷರ ಹೇಳುತ್ತಿದ್ದರು, ನಾನು ಸೌಟಿನ ಲಯಕ್ಕೆ ಅವನ್ನು ಮೆಲುಕು ಹಾಕುತ್ತಿದ್ದೆ. ಶನಿವಾರ ಸಂಜೆ ದೀಪ ಹಚ್ಚುವವರೆಗೆ ನಾನು ಬಾಯಿಗೆ ಏನೂ ಹಾಕುವುದಿಲ್ಲ. ಆ ದಿನದ ಅಡುಗೆಯ ರುಚಿ ನೋಡುವ ಜವಾಬ್ದಾರಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಯಜಮಾನರದು. ಒಂದು ಉಂಡೆ ಹಿಟ್ಟನ್ನು ಅವರ ಕೈಗಿಟ್ಟು ಚಕ್ಕುಲಿ ಒರಳು ತೊಳೆಯಲು ತಿರುಗಿದೆ.

ಮೇಲೆ ಹೋಗಿ ಹಾಳೆ ಹಾಸಿ, ಚಕ್ಕುಲಿ ಒರಳಿಗೆ ಒಂದೇ ತೂತಿನ ಬಿಲ್ಲೆ ಹಾಕಿ, ಒಂದೊಂದೇ ಅಕ್ಷರ ಒತ್ತಿದೆ. ಓ ಒತ್ತುವುದು ಸುಲಭ, ಕೋಡುಬಳೆ ಇದ್ದ ಹಾಗೆ. ಎಸ್ ಒತ್ತುವಾಗ ಮಾತ್ರ ಒರಳಿನ ಜೊತೆಗೆ ನನ್ನ ಸೊಂಟವೂ ತಿರುಗಿತು. ಗೆರೆಯ ಆಚೆ ನಳಿನಿಯ ಶಿಷ್ಯೆಯರು ಅಷ್ಟು ಬಾಗಿದ್ದನ್ನು ನಾನು ನೋಡಿಲ್ಲ. ಸುತ್ತಲೂ ಮಾಮೂಲಿ ದುಂಡು ಸಂಡಿಗೆ, ನಡುವೆ ಆರು ಸಾಲಿನಲ್ಲಿ ನಲವತ್ತೈದು ಅಕ್ಷರ. ಕಾಗೆ ಬಾರದಿರಲಿ ಎಂದು ಮೂಲೆಯಲ್ಲಿ ಕಪ್ಪು ಕೊಡೆ ಬಿಚ್ಚಿಟ್ಟೆ.

ಇವರು ನೋಡಿ ತಲೆದೂಗಿದರು. "ಭಾಳ ಛಲೋ ಆಗೇದ" ಎಂದರು.

ಭಾನುವಾರ ಬೆಳಿಗ್ಗೆ ಅಕ್ಷರಗಳು ಅಂಚಿನಲ್ಲಿ ಒಣಗಿ ನಡುವೆ ಮೆತ್ತಗಿದ್ದವು. ಅರೆ ಒಣಗಿದ ಸಂಡಿಗೆ. ಸಂಡಿಗೆ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಗೊತ್ತು. ಕರಿದ ಸಂಡಿಗೆ ಊಟಕ್ಕೆ. ಅರೆ ಒಣಗಿದ ಸಂಡಿಗೆ ಕದ್ದು ತಿನ್ನುವುದಕ್ಕೆ. ಗೊತ್ತಿದ್ದೂ ನಾನು ಅದನ್ನು ಯೋಚಿಸಲಿಲ್ಲ. ನನ್ನ ತಲೆ ತುಂಬ ಕಾಗೆಗಳೇ ಇದ್ದವು.

ಮೇಷ್ಟ್ರು ದಪ್ಪ ನಿಘಂಟು ಹಿಡಿದು ಬಂದರು. ಅವರ ಕುರ್ಚಿಯನ್ನು ನಾನೇ ಹಾಳೆಗೆ ಬೆನ್ನು ಮಾಡಿ ಹಾಕಿಸಿದೆ, ಅವರ ಎದುರು ನಿಂತು ಹೆಗಲ ಮೇಲಿಂದ ಓದಲು ಅನುಕೂಲವಾಗಲಿ ಎಂದು. ಯೋಗ ಮುಗಿಸಿದ ಹೆಂಗಸರೆಲ್ಲ ಸೇರಿದರು. ಮೇಷ್ಟ್ರು ಕೂರುವ ಮೊದಲು ಹಿಂದೆ ತಿರುಗಿ ನೋಡಿದರು.

"ಓಹೋ, ಮಕ್ಕಳಿಗೆ ಅಂತ ಅಕ್ಷರದ ಸಂಡಿಗೆ ಮಾಡಿದ್ದೀರಾ? ಒಳ್ಳೆ ಐಡಿಯಾ ಕಣಮ್ಮಾ. ಒಂದು ತಗೊಳ್ಲಾ?"

ಇಲ್ಲ ಅನ್ನಬೇಕಿತ್ತು. ಅನ್ನಲಾಗಲಿಲ್ಲ. ಬಾಯಿಬಿಟ್ಟು ಕೇಳಿದವರಿಗೆ ಅರೆ ಒಣಗಿದ ಸಂಡಿಗೆ ಕೊಡದಿದ್ದರೆ ಆ ವರ್ಷದ ಸಂಡಿಗೆ ಎಣ್ಣೆಯಲ್ಲಿ ಅರಳುವುದಿಲ್ಲ ಎಂದು ನಮ್ಮ ತಾಯಿ ಹೇಳುತ್ತಿದ್ದರು. "ಅಯ್ಯೋ, ಕೇಳೋದೇನಿದೆ, ತಗೊಳ್ಳಿ, ಎಲ್ರೂ ತಗೊಳ್ಳಿ" ಎಂದುಬಿಟ್ಟೆ. ದುಂಡನೆಯವನ್ನು ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆ. ಅಷ್ಟಕ್ಕೇ ನಿಲ್ಲಿಸದೆ, ಮನೆಗೆ ಬಂದವರನ್ನು ಒಣ ಬಾಯಲ್ಲಿ ಕೂರಿಸಬಾರದೆಂದು ಎಲ್ಲರಿಗೂ ಕಾಫಿ ತರಲು ಕೆಳಗೆ ಹೋದೆ. ತಾರಸಿ ನನ್ನದಾಗಲಿದೆಯಲ್ಲ, ಹಾಗಾಗಿ ನಾನೇ ಮನೆಯೊಡತಿ!

ಕಾಫಿ ತಂದು ಹಂಚಿದೆ. ನಳಿನಿ ಎದ್ದು ನಿಂತು ತನ್ನ ಪದ ಹೇಳಿದಳು. "ಕಂಪ್ಯಾನಿಯನ್‌ಶಿಪ್."

ಮೇಷ್ಟ್ರು ಅಕ್ಷರ ಎಣಿಸಿದರು. ಐದೂ ಇದ್ದವು. "ಹದಿಮೂರು. ಒಡನಾಟ ಅಂತ ಅರ್ಥ. ಭೇಷ್" ಎಂದರು, ಏನನ್ನೋ ಅಗಿಯುತ್ತ.

ಹದಿಮೂರು. ನನಗೆ ನಗು ಬಂತು. ನನ್ನ ನಾದಿನಿ ಹೇಳುತ್ತಾಳಲ್ಲ, ಅದೇ ಧಾಟಿಯಲ್ಲಿ 'ಪಾಪ' ಎಂದುಕೊಂಡು ಸೆರಗು ಸರಿಮಾಡಿಕೊಂಡು ಮೇಷ್ಟ್ರ ಎದುರು ನಿಂತೆ. ಅವರ ಹೆಗಲ ಮೇಲಿಂದ ಹಾಳೆಯ ಕಡೆ ಕಣ್ಣು ಹಾಯಿಸಿದೆ.

ದುಂಡು ಸಂಡಿಗೆಗಳು ಒಂದೂ ಅಲುಗಾಡದೆ ಇದ್ದಲ್ಲೇ ಇದ್ದವು. ಅಕ್ಷರಗಳ ಸಾಲುಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಉಳಿದು, ನಡುವೆ ಖಾಲಿ ಪ್ಲಾಸ್ಟಿಕ್ ಬಿಸಿಲಿಗೆ ಹೊಳೆಯುತ್ತಿತ್ತು.

ಆದದ್ದಿಷ್ಟು. ಅಕ್ಷರ ಕಂಡ ಕೂಡಲೇ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನದನ್ನು ಹುಡುಕಿದ್ದಾರೆ. ನಳಿನಿ ಒಂದು ಎನ್ ತಿಂದು, ಮಗಳು ನವ್ಯಾಳಿಗೆ ಅಂತ ಇನ್ನೊಂದು ಎತ್ತಿಟ್ಟುಕೊಂಡಿದ್ದಾಳೆ. ಪುಷ್ಪಾ ಎಂಬ ಅವಳ ಶಿಷ್ಯೆ ಒಂದು ಪಿ ತಿಂದು, ಗಂಡ ಪ್ರಕಾಶನಿಗೆ ಅಂತ ಮತ್ತೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ಎಷ್ಟು ಅನ್ಯೋನ್ಯ ದಂಪತಿ ನೋಡಿ. ಆ ಇಡೀ ಪದದಲ್ಲಿ ಇದ್ದ ಪಿ ಎರಡೇ. ಇನ್ನು ಓಂಕಾರಪ್ಪ ಮೇಷ್ಟ್ರು. ಅವರ ಅಕ್ಷರ ಯಾವುದೆಂದು ನಾನು ಹೇಳಬೇಕಾಗಿಲ್ಲ. ಅವರ ಕಾಫಿ ತಟ್ಟೆಯ ಮೇಲೆ ಇನ್ನೂ ಎರಡು ಓ ಕಾಯುತ್ತಿದ್ದವು.

ಯಜಮಾನರ ಕಡೆ ನೋಡಿದೆ. ಅವರ ದವಡೆಯೂ ಆಡುತ್ತಿತ್ತು.

"ಹೇಳಿಮ್ಮಾ" ಎಂದರು ಮೇಷ್ಟ್ರು.

ಹೇಳಿದೆ. ಉಳಿದದ್ದನ್ನು ಹೇಳಿದೆ. "ಇ... ಯು... ಎಂ..." ಎರಡನೇ ಸಾಲಿನ ಅಲ್ಟ್ರಾ ಯಾರ ಹೆಸರಿಗೂ ಒದಗದೆ ಬದುಕಿಕೊಂಡಿತ್ತು. "ಯು... ಎಲ್... ಟಿ... ಆರ್... ಎ..." ಮೂರನೇ ಸಾಲಿನಲ್ಲಿ ಒಂದು ಎಂ, ಒಂದು ಐ ಸಿಕ್ಕವು. ಅಲ್ಲಿಗೆ ನನ್ನ ಉಸಿರೂ ಮುಗಿಯಿತು. ಆ ಕಾಯಿಲೆಗೆ ಅಷ್ಟು ಉದ್ದದ ಹೆಸರು ಯಾಕಿಟ್ಟರೆಂದು ಆಗ ತಿಳಿಯಿತು.

ಮೇಷ್ಟ್ರು ಬರೆದುಕೊಂಡದ್ದನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಇದ್ಯಾವ ಭಾಷೆ ತಾಯಿ?"

"ಲ್ಯಾಟಿನ್ ಇರ್ಬೇಕು ಸರ್."

"ಆಯ್ತು. ಆದ್ರೆ ಪಿ ಎಲ್ಲಿ? ಎನ್ ಎಲ್ಲಿ? ಓ ಎಲ್ಲಿ?"

ನ್ಯಾಯಾಧೀಶರೇ ಸಾಕ್ಷ್ಯವನ್ನು ನುಂಗಿ, ಸಾಕ್ಷ್ಯ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕು? ಓ ನಿಮ್ಮ ಹೊಟ್ಟೆಯಲ್ಲಿದೆ ಸ್ವಾಮಿ ಅನ್ನಬೇಕೆ? ಅಂದರೆ, ನಿಮಗದು ಯಾಕೆ ಬೇಕಿತ್ತು ಎಂಬ ಪ್ರಶ್ನೆ ಬರುತ್ತದೆ. ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ, ಅಷ್ಟು ಸಿಟ್ಟನ್ನು ಯಾರ ಮೇಲೂ ತೋರಿಸಲಾಗದೆ ನಿಂತದ್ದೂ ಇಲ್ಲ. "ಮರ್ತ್ಹೋಯ್ತು" ಎಂದು ಕೂತೆ.

ಇಡೀ ತಾರಸಿ ಮಳೆಗಾಲದವರೆಗೆ ನಳಿನಿಗೆ ಎಂದು ತೀರ್ಪಾಯಿತು. ಸೀಮೆಸುಣ್ಣದ ಗೆರೆಯನ್ನು ಪುಷ್ಪಾ ಕಾಲಿನಲ್ಲೇ ಉಜ್ಜಿದಳು. "ಬೇಜಾರ್ ಮಾಡ್ಕೋಬೇಡಿ ಆಂಟಿ" ಎಂದು ನಳಿನಿ ನನ್ನ ಕೈ ಹಿಡಿದಳು. "ನಿಮ್ ಸಂಡಿಗೆ ಮಾತ್ರ... ಏನ್ ಹೇಳ್ಲಿ... ಒಂಥರಾ ಡಿಫರೆಂಟಾಗಿತ್ತು."

"ವಯಸ್ಸಾದವರಿಗೆ ಬಹಳ ಒಳ್ಳೇದು" ಎಂದರು ಮೇಷ್ಟ್ರು, ನಿಧಾನವಾಗಿ ನುಂಗಿ.

ಸೋತರೂ ಕೈರುಚಿ ಗೆದ್ದಿತಲ್ಲ ಎಂದುಕೊಂಡೆ. ಹಾಳೆಯ ನಾಲ್ಕು ಮೂಲೆ ಹಿಡಿದು, ಅಪಘಾತದಲ್ಲಿ ಗಾಯಗೊಂಡವರನ್ನು ಸಾಗಿಸುವಂತೆ ಗಂಡ ಹೆಂಡತಿ ಮೆಟ್ಟಿಲಿಳಿದೆವು. ದಾರಿಯಲ್ಲಿ ಕೇಳಿದೆ, "ಅವರು ತಿಂದ್ರು, ಹೋಗ್ಲಿ. ನೀವೂ ಯಾಕ ತಿಂದ್ರಿ?"

"ಎಲ್ಲಾರೂ ತಿನ್ನಾಕತ್ತಿದ್ರು. ನಾ ಒಬ್ಬನ ಸುಮ್ನ ನಿಂತ್ರ ಅನುಮಾನ ಬರ್ತದಂತ ತಿಂದೆ. ನನ್ನ ಹೆಸರಿನ ವಿ ಒಂದಽ ಇತ್ತು ನೋಡು, ಬಿಡಲಿಕ್ಕೆ ಮನಸಾಗ್ಲಿಲ್ಲ."

ವಾಲ್ಕೇನೋದ ವಿ, ಅಂದರೆ ಜ್ವಾಲಾಮುಖಿಯನ್ನೇ ತಿಂದಿದ್ದರು. ಮನೆಗೆ ಬಂದು ಉಳಿದ ಅಕ್ಷರಗಳಲ್ಲಿ ನನ್ನ ಹೆಸರಿನದನ್ನು ಹುಡುಕಿದೆ. ಆಮೇಲೆ ನೆನಪಾಯಿತು. ನಲವತ್ತೈದು ಅಕ್ಷರ ಬೆನ್ನು ಬಗ್ಗಿಸಿ ಒತ್ತಿದ್ದೆ, ಅದರಲ್ಲಿ 'ಜಿ' ಎಂಬುದು ಮೊದಲಿನಿಂದಲೂ ಒಂದೂ ಇರಲಿಲ್ಲ.

ಬಾಲ್ಕನಿಯ ಬಟ್ಟೆ ಸ್ಟ್ಯಾಂಡಿನ ಮೇಲೆ, ಬಿಸಿಲು ಬಂದಷ್ಟು ಹೊತ್ತು ಬಂದ ಕಡೆಗೆ ತಿರುಗಿಸಿ, ಒಂದು ವಾರ ಒಣಗಿಸಿದೆ. ಸಿಟ್ಟಿಗೆ ಒಂದನ್ನೂ ಬಾಯಿಗೆ ಹಾಕಲಿಲ್ಲ, ಒಂದನ್ನೂ ಕರಿಯಲಿಲ್ಲ. ಶಪಥ ಶಪಥವೇ. ದುಂಡನೆಯವು, ಅಳಿದುಳಿದ ಅಕ್ಷರಗಳು ಎಲ್ಲ ಸೇರಿಸಿ ಡಬ್ಬಿ ತುಂಬಿ ಗದಗಿಗೆ ಕಳಿಸಿದೆ.

ನಾದಿನಿಯ ಫೋನ್ ಬಂತು. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಎಲ್ಲರೂ ಎಂದರೆ ಯಜಮಾನರು.

"ವೈನಿ, ಸಂಡಿಗಿ ಬಂದ್ವು. ಹೋದ ವರ್ಷ ನಾ ಅಂದದ್ದು ಮನಸಿಗೆ ಹಚ್ಕೊಂಡೀರೇನೋ ಅಂತ ಅಂಜಿದ್ದೆ. ನಿಮ್ಮ ಮನಸು ಎಷ್ಟು ದೊಡ್ಡದು. ನಮ್ಮನಿಯವ್ರಿಗೆ ಬಿಪಿ ಅದ ಅಂತ ನೆನಪಿಟ್ಟು, ಒಂದು ಹರಳು ಉಪ್ಪು ಹಾಕದಽ ಮಾಡಿ ಕಳಿಸೀರಲ್ಲ. ಯಾರ್ ಮಾಡ್ತಾರ ಈ ಕಾಲದಾಗ? ಅವ್ರಿಗಂತೂ ಕಣ್ಣಾಗ ನೀರು ಬಂತು."

ನಾನು ಯಜಮಾನರನ್ನು ನೋಡಿದೆ. ಯಜಮಾನರು ಫ್ಯಾನನ್ನು ನೋಡಿದರು.

"ಛಲೋ ಆಗೇದ ಅಂದಿದ್ರಲ್ರಿ?" ಫೋನಿಗೆ ಕೈ ಅಡ್ಡ ಹಿಡಿದು ಕೇಳಿದೆ.

"ಅಕ್ಷರ ಛಲೋ ಆಗೇದ ಅಂದೆ. ರುಚಿ ಎಲ್ಲಿ ಕೇಳಿದಿ ನೀ?"

"ಕೈಯಾಗ ಹಿಟ್ಟು ಕೊಟ್ಟಿದ್ನಲ್ಲ?"

"ಆ ಕೈಯಾಗ ಫೋನಿತ್ತು. ಹಿಟ್ಟು ಎಲ್ಲಿಟ್ಟೆ ಅಂತ ನಂಗೂ ನೆನಪಿಲ್ಲ."

ಅಂದರೆ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಿತ್ತು, ವಿ ತಿಂದ ಇವರಿಗೂ. ಡಿಫರೆಂಟ್. ವಯಸ್ಸಾದವರಿಗೆ ಒಳ್ಳೆಯದು. ನಲವತ್ತೈದು ಅಕ್ಷರ ತಪ್ಪದಂತೆ ನೆನಪಿಡಲು ಹೋಗಿ ನಾನು ಮರೆತದ್ದು ಒಂದು ಹಿಡಿ ಉಪ್ಪು.

"ಕೇಳಸ್ತದೇನ್ರಿ ವೈನಿ?" ನಾದಿನಿ ಮುಂದುವರಿಸಿದಳು. "ಮುಂದಿನ ವರ್ಷನೂ ಹಿಂಗಽ ಉಪ್ಪಿಲ್ಲದ್ದಽ ಮಾಡಿ ಕಳಿಸ್ರಿ, ಎರಡು ಡಬ್ಬಿ. ನಮ್ಮ ಬೀಗರೂ ಕೇಳ್ಯಾರ, ಅವ್ರಿಗೂ ಬಿಪಿ."

"ಆತು" ಎಂದೆ. ಬೇರೆ ಏನು ಅನ್ನಲಿ?

ಮೊನ್ನೆ ಪತ್ರಿಕೆಯ ಪದಬಂಧದಲ್ಲಿ ಎಡದಿಂದ ಬಲಕ್ಕೆ ಮೊದಲನೆಯ ಸುಳಿವೇ ಹೀಗಿತ್ತು: ಇದಿಲ್ಲದಿದ್ದರೆ ಅಡುಗೆ ಸಪ್ಪೆ, ಎರಡು ಅಕ್ಷರ. ಪೆನ್ನಿನ ಕ್ಯಾಪ್ ಮುಚ್ಚಿ, ಮನೆಯಲ್ಲಿ ಪೆನ್ಸಿಲ್ ಇದೆಯೇ ಎಂದು ಇವರನ್ನು ಕೇಳಿದೆ.